ಮೌಸ್ ಮುಟ್ಟದೆ ಬ್ರೌಸರ್ ಬಳಸುವುದು: ಕ್ಯೂಟ್‌ಬ್ರೌಸರ್ ಅಳವಡಿಕೆ ಮತ್ತು ಕನ್ನಡ ಕೀಲಿಮಣೆಯ ತೊಡಕು

ಪ್ರಶ್ನೆ
ಬರೆದವರು: ಕರಡು_ತಿದ್ದುವವ

ಎಲ್ಲರಿಗೂ ನಮಸ್ಕಾರ.

ನಾನು ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಎದುರಿಗಿಟ್ಟುಕೊಂಡು, ಒಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಗುರುತಿಸಿದ ಪಠ್ಯವನ್ನು ತಿದ್ದುವ ಕೆಲಸ ಮಾಡುತ್ತೇನೆ. ಒಂದು ಪುಟವನ್ನು ತಿದ್ದಿ, ಉಳಿಸಿ, ಮುಂದಿನ ಪುಟ ತೆರೆಯುವಷ್ಟರಲ್ಲಿ ಕೈ ಕೀಲಿಮಣೆಯಿಂದ ಮೌಸಿಗೂ ಮೌಸಿನಿಂದ ಕೀಲಿಮಣೆಗೂ ಹಲವು ಸಲ ಓಡಾಡಬೇಕಾಗುತ್ತದೆ. ಇದರಿಂದ ಬಲಗೈ ಮಣಿಕಟ್ಟಿನ ನೋವು ಶುರುವಾಗಿದೆ. ಮೌಸ್ ಬಳಕೆ ಕಡಿಮೆ ಮಾಡುವಂತೆ ವೈದ್ಯರೂ ಹೇಳಿದ್ದಾರೆ. ಕೀಲಿಗಳಿಂದಲೇ ನಡೆಯುವ ವಿಮ್ ಎಂಬ ಪಠ್ಯ ಸಂಪಾದಕ ನನಗೆ ಹೊಸದಲ್ಲವಾದ್ದರಿಂದ ಅದೇ ಬಗೆಯ ಕೀಲಿಗಳಿಂದ ನಡೆಯುವ ಬ್ರೌಸರ್ ಇದ್ದರೆ ಒಳ್ಳೆಯದೆಂದು ಹುಡುಕುತ್ತಿದ್ದಾಗ ಕ್ಯೂಟ್‌ಬ್ರೌಸರ್‌ನ ಹೆಸರು ಕಂಡಿತು.

ನನ್ನದು ಡೆಬಿಯನ್ 12 ಎಂಬ ಲಿನಕ್ಸ್ ಇರುವ ಡೆಸ್ಕ್‌ಟಾಪ್, ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಪರಿಸರ ಬಳಸುತ್ತೇನೆ. ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲಿ ಸಿಗುವ ಕ್ಯೂಟ್‌ಬ್ರೌಸರನ್ನು ಹಾಗೆಯೇ ಅಳವಡಿಸಿಕೊಂಡರೆ ಸಾಕೇ, ಅಥವಾ ಬೇರೆ ದಾರಿ ಇದೆಯೇ? ಬ್ರೌಸರನ್ನೇ ಬದಲಿಸದೆ, ಈಗಿರುವ ಫೈರ್‌ಫಾಕ್ಸಿಗೆ ಒಂದು ಆಡ್-ಆನ್ ಹಾಕಿಕೊಂಡರೆ ಇದೇ ಅನುಕೂಲ ದೊರೆಯುತ್ತದೆಯೇ?

ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಕನ್ನಡದ ವಿಷಯ. ನಾನು ಡೆಸ್ಕ್‌ಟಾಪಿನ ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ವಿನ್ಯಾಸವನ್ನು ಸೇರಿಸಿಕೊಂಡು, ಇಂಗ್ಲಿಷಿನಿಂದ ಅದಕ್ಕೆ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿ ಬದಲಾಗುತ್ತೇನೆ. ಗೆಳೆಯರೊಬ್ಬರ ಕಂಪ್ಯೂಟರಿನಲ್ಲಿ ಕ್ಯೂಟ್‌ಬ್ರೌಸರನ್ನು ಪರೀಕ್ಷಿಸಿದಾಗ, ಕನ್ನಡ ವಿನ್ಯಾಸ ಚಾಲ್ತಿಯಲ್ಲಿರುವಷ್ಟು ಹೊತ್ತೂ ಅದರ ಒಂದು ಆದೇಶವೂ ನಡೆಯಲಿಲ್ಲ. ಜೆ ಒತ್ತಿದರೆ ಪುಟ ಕದಲಲಿಲ್ಲ, ಎಫ್ ಒತ್ತಿದರೆ ಕೊಂಡಿಗಳ ಮೇಲೆ ಗುರುತು ಮೂಡಲಿಲ್ಲ. ಇಡೀ ದಿನ ಕನ್ನಡದಲ್ಲಿಯೇ ಟೈಪ್ ಮಾಡುವವರು ಇದನ್ನು ಹೇಗೆ ನಿಭಾಯಿಸುತ್ತೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ
ಬರೆದವರು: ಹಳೆ_ಟರ್ಮಿನಲ್

ನಮಸ್ಕಾರ. ಅಳವಡಿಕೆಯ ಬಗ್ಗೆ ಮತ್ತು ದಿನಬಳಕೆಯ ಬಗ್ಗೆ ನಾನು ಹೇಳುತ್ತೇನೆ. ಕನ್ನಡ ಕೀಲಿಮಣೆಯ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರಿಗೆ ಬಿಡುತ್ತೇನೆ.

ಕ್ಯೂಟ್‌ಬ್ರೌಸರ್ ಎಂಬುದು ಫ್ಲೋರಿಯನ್ ಬ್ರುಹಿನ್ ಅವರು 2013ರ ಕೊನೆಯಲ್ಲಿ ಆರಂಭಿಸಿದ, ಪೈಥಾನ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ. ಕೀಲಿಗಳು, ಟ್ಯಾಬುಗಳು, ಆದೇಶಗಳು ಎಲ್ಲವೂ ಆ ಪೈಥಾನ್ ಭಾಗದ್ದು. ಪುಟವನ್ನು ತೆರೆದು ಚಿತ್ರಿಸುವ ಕೆಲಸ ಮಾತ್ರ ಕ್ಯೂಟಿ ವೆಬ್‌ಎಂಜಿನ್ ಎಂಬ ಲೈಬ್ರರಿಯದು, ಅದರ ಒಳಗಿರುವುದು ಕ್ರೋಮ್ ಬ್ರೌಸರಿನ ಮುಕ್ತ ಮೂಲವಾದ ಕ್ರೋಮಿಯಂ. ಆದ್ದರಿಂದ ಕ್ಯೂಟ್‌ಬ್ರೌಸರ್ ಎಷ್ಟು ಹೊಸತು ಎಂಬುದಕ್ಕಿಂತ, ಅದರಡಿ ಇರುವ ಕ್ಯೂಟಿ ಎಷ್ಟು ಹೊಸತು ಎಂಬುದೇ ಮುಖ್ಯವಾಗುತ್ತದೆ. ಡೆಬಿಯನ್ 12 ನಿಮಗೆ ಕೊಡುವುದು 2.5 ಸರಣಿಯ ಕ್ಯೂಟ್‌ಬ್ರೌಸರ್ ಮತ್ತು ಕ್ಯೂಟಿ 5.15, ಆ ಕ್ಯೂಟಿಯೊಳಗಿನ ಕ್ರೋಮಿಯಂ 87ನೆಯ ಆವೃತ್ತಿ, ಎಂದರೆ 2020ರದ್ದು. ಭದ್ರತೆಯ ಕೆಲವು ತೇಪೆಗಳನ್ನು ಕ್ಯೂಟಿಯವರು ಹಿಂದಿನ ಆವೃತ್ತಿಗೂ ಹಾಕುತ್ತಾರಾದರೂ, ಈ ಲೈಬ್ರರಿಗೆ ತಮ್ಮ ಸ್ಥಿರ ಬಿಡುಗಡೆಯಲ್ಲಿ ಭದ್ರತಾ ಬೆಂಬಲ ಇಲ್ಲವೆಂದು ಡೆಬಿಯನ್‌ನವರೇ ಬಿಡುಗಡೆ ಟಿಪ್ಪಣಿಯಲ್ಲಿ ಹೇಳಿದ್ದಾರೆ. ಸಾಮಾನ್ಯ ಬಳಕೆಗೆ ಫೈರ್‌ಫಾಕ್ಸ್ ಅಥವಾ ಕ್ರೋಮಿಯಂ ಬಳಸಿ ಎಂಬುದು ಅವರ ಸಲಹೆ. ಹಾಗಾಗಿ ಭಂಡಾರದಿಂದ ನೇರವಾಗಿ ಅಳವಡಿಸಿಕೊಳ್ಳುವುದನ್ನು ನಾನು ಬೇಡವೆನ್ನುತ್ತೇನೆ. ಆರ್ಚ್ ಅಥವಾ ಫೆಡೋರಾ ಬಳಸುವವರಿಗೆ ಈ ತಲೆನೋವಿಲ್ಲ.

ಬೇರೆ ದಾರಿಯನ್ನು ಕ್ಯೂಟ್‌ಬ್ರೌಸರ್‌ನವರೇ ಮಾಡಿಕೊಟ್ಟಿದ್ದಾರೆ. ಗಿಟ್ ಎಂಬ ಸಲಕರಣೆಯ ಮೂಲಕ ಅದರ ಮೂಲಸಂಕೇತವನ್ನು ಮನೆ ಫೋಲ್ಡರಿಗೆ ಇಳಿಸಿಕೊಂಡು, ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಎಂಕೆವೆನ್ವ್ (mkvenv) ಎಂಬ ಪೈಥಾನ್ ಸ್ಕ್ರಿಪ್ಟನ್ನು ಚಲಾಯಿಸಿದರೆ, ಅದು ಪ್ರತ್ಯೇಕವಾದ ಪೈಥಾನ್ ಪರಿಸರವೊಂದನ್ನು ರಚಿಸಿ ಹೊಸ ಕ್ಯೂಟಿ 6ನ್ನು ಅದರೊಳಗೇ ತಂದುಕೊಳ್ಳುತ್ತದೆ. ಉಳಿದ ವ್ಯವಸ್ಥೆಗೆ ಏನೂ ಧಕ್ಕೆಯಾಗುವುದಿಲ್ಲ. ಬೇಡವೆನಿಸಿದರೆ ಫೋಲ್ಡರನ್ನು ಅಳಿಸಿದರಾಯಿತು. ಮುಂದೆ ನವೀಕರಿಸಲು ಅದೇ ಸ್ಕ್ರಿಪ್ಟಿಗೆ ಅಪ್‌ಡೇಟ್ ಎಂಬ ಆಯ್ಕೆ ಕೊಟ್ಟು ಮತ್ತೆ ಓಡಿಸಬೇಕು, ಇದನ್ನು ಮರೆಯದಂತೆ ರೂಢಿ ಮಾಡಿಕೊಳ್ಳಿ. ಮೊದಲ ಸಲ ತೆರೆದಾಗ ಎಕ್ಸ್‌ಸಿಬಿ ಪ್ಲಗಿನ್ (ಕಿಟಕಿಯನ್ನು ತೆರೆಯ ಮೇಲೆ ಮೂಡಿಸುವ ಭಾಗ) ಸಿಗಲಿಲ್ಲ ಎಂದು ಟರ್ಮಿನಲ್‌ನಲ್ಲಿ ದೂರು ಬಂದು ಕಿಟಕಿಯೇ ತೆರೆಯದಿದ್ದರೆ ಗಾಬರಿಯಾಗಬೇಡಿ. ಕ್ಯೂಟಿ 6.5ರಿಂದೀಚೆಗೆ ಲಿಬ್‌ಎಕ್ಸ್‌ಸಿಬಿ-ಕರ್ಸರ್0 ಎಂಬ ಪುಟ್ಟ ಪ್ಯಾಕೇಜು ಬೇಕಾಗುತ್ತದೆ, ಡೆಬಿಯನ್‌ನಲ್ಲಿ ಅದು ತಾನಾಗಿ ಬಂದಿರುವುದಿಲ್ಲ. ಡೆಬಿಯನ್‌ನ ಪ್ಯಾಕೇಜು ಅಳವಡಿಸುವ ಏಪ್ಟ್ ಆದೇಶದ ಮೂಲಕ ಅದೊಂದನ್ನು ಅಳವಡಿಸಿದರೆ ಸರಿಹೋಗುತ್ತದೆ. ತೆರೆದ ಮೇಲೆ ಕೋಲನ್ ಒತ್ತಿ ವರ್ಷನ್ ಎಂಬ ಆದೇಶ ಕೊಟ್ಟು ನೋಡಿ, ಒಳಗಿರುವ ಕ್ರೋಮಿಯಂ ಯಾವ ಆವೃತ್ತಿಯದೆಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಈ ದಾರಿಗೆ ಒಂದು ಬೆಲೆ ಇದೆ. ಹೀಗೆ ಬರುವ ಕ್ಯೂಟಿಯಲ್ಲಿ ಎಚ್.264ರಂಥ ಸ್ವಾಮ್ಯದ ವಿಡಿಯೊ ಕೊಡೆಕ್‌ಗಳು (ವಿಡಿಯೊವನ್ನು ಬಿಡಿಸಿ ತೋರಿಸುವ ಭಾಗಗಳು) ಇರುವುದಿಲ್ಲವಾದ್ದರಿಂದ ಯೂಟ್ಯೂಬ್ ನಡೆದರೂ ಕೆಲವು ಸುದ್ದಿ ತಾಣಗಳ ವಿಡಿಯೊ ನಡೆಯುವುದಿಲ್ಲ. ನಾನು ಅಂಥ ಕೊಂಡಿಗಳನ್ನು ಒಂದು ಕೀಲಿಯಿಂದ ಎಂಪಿವಿ ಪ್ಲೇಯರಿಗೆ ಕಳುಹಿಸುತ್ತೇನೆ. ಅದು ಬ್ರೌಸರಿಗಿಂತ ಹಗುರವಾಗಿ ಓಡುತ್ತದೆ ಎಂಬುದು ಬೇರೆ ಮಾತು.

ಬಳಕೆಗೆ ಬಂದರೆ, ವಿಮ್ ಬಲ್ಲವರಿಗೆ ಕಲಿಯಲು ಹೆಚ್ಚೇನಿಲ್ಲ. ಕೀಲಿಗಳು ಅಕ್ಷರ ಬರೆಯದೆ ಆದೇಶವಾಗಿ ನಡೆಯುವ ಮಾಮೂಲಿ ಮೋಡ್‌ನಲ್ಲಿ ಜೆ, ಕೆ ಪುಟವನ್ನು ಇಳಿಸಿ ಏರಿಸುತ್ತವೆ. ಓ ಒತ್ತಿದರೆ ವಿಳಾಸ ಬರೆಯುವ ಸಾಲು ಕೆಳಗೆ ತೆರೆಯುತ್ತದೆ, ಶಿಫ್ಟ್ ಸಮೇತ ಓ ಒತ್ತಿದರೆ ಬರೆದ ವಿಳಾಸ ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ. ಶಿಫ್ಟ್ ಸಮೇತ ಎಚ್ ಹಿಂದಕ್ಕೆ, ಎಲ್ ಮುಂದಕ್ಕೆ; ಶಿಫ್ಟ್ ಸಮೇತ ಜೆ, ಕೆ ಟ್ಯಾಬಿನಿಂದ ಟ್ಯಾಬಿಗೆ; ಡಿ ಟ್ಯಾಬನ್ನು ಮುಚ್ಚುತ್ತದೆ, ಯು ಮುಚ್ಚಿದ್ದನ್ನು ಮರಳಿ ತರುತ್ತದೆ. ನಿಜವಾಗಿ ಮೌಸನ್ನು ಬಿಡಿಸುವುದು ಎಫ್. ಅದನ್ನು ಒತ್ತಿದ ಕೂಡಲೇ ಕಣ್ಣಿಗೆ ಕಾಣುವ ಪ್ರತಿ ಕೊಂಡಿಯ ಮೇಲೂ ಹಳದಿ ಚೀಟಿಯೊಂದು ಮೂಡುತ್ತದೆ. ಚೀಟಿಯಲ್ಲಿರುವ ಅಕ್ಷರಗಳು ಕೀಲಿಮಣೆಯ ನಡುಸಾಲಿನವು, ಎ ಇಂದ ಎಲ್‌ವರೆಗಿನ ಒಂಬತ್ತು. ಆ ಒಂದೆರಡು ಅಕ್ಷರ ಒತ್ತಿದರೆ ಕೊಂಡಿ ತೆರೆಯಿತು. ವಿಕಿಪೀಡಿಯದಂಥ ಕೊಂಡಿ ಕಿಕ್ಕಿರಿದ ಪುಟದಲ್ಲಿ ಚೀಟಿಗಳು ಮೂರು ಅಕ್ಷರಕ್ಕೆ ಹೋಗುವುದೂ ಉಂಟು, ಆಗ ಕೊಂಡಿಯ ಮೇಲೆ ಕಣ್ಣಿಟ್ಟು ಎಫ್ ಒತ್ತುವುದು ಒಳ್ಳೆಯದು. ಪುಟದ ಮೊದಲ ಬರವಣಿಗೆ ಚೌಕಕ್ಕೆ ನೇರವಾಗಿ ಹೋಗಲು ಜಿ ಮತ್ತು ಐ ಒಂದರ ಹಿಂದೊಂದು ಒತ್ತಬೇಕು. ಅಲ್ಲಿಂದ ಎಸ್ಕೇಪ್ ಒತ್ತಿದರೆ ಮಾಮೂಲಿ ಮೋಡಿಗೆ ಮರಳುತ್ತೀರಿ. ಜೀಮೇಲ್‌ನಂಥ ತಾಣಗಳಿಗೆ ಅವುಗಳದೇ ಕೀಲಿಗಳಿರುತ್ತವೆ, ಅಲ್ಲಿ ಕಂಟ್ರೋಲ್ ವಿ ಒತ್ತಿ ಎಲ್ಲ ಕೀಲಿಗಳನ್ನೂ ತಾಣಕ್ಕೆ ಬಿಟ್ಟುಕೊಟ್ಟು, ಶಿಫ್ಟ್ ಎಸ್ಕೇಪ್‌ನಿಂದ ಹಿಡಿತವನ್ನು ಮರಳಿ ಪಡೆಯಬಹುದು.

ಕೊನೆಯದಾಗಿ ಒಂದು ಮಾತು. ಬ್ಯಾಂಕಿನ ತಾಣ, ತೆರಿಗೆಯ ತಾಣ ಇತ್ಯಾದಿಗಳಿಗೆ ಫೈರ್‌ಫಾಕ್ಸನ್ನು ಹಾಗೆಯೇ ಇಟ್ಟುಕೊಳ್ಳಿ. ತೆರೆಯ ಮೇಲಿನ ಕೀಲಿಮಣೆಯಲ್ಲೇ ಪಾಸ್‌ವರ್ಡ್ ಒತ್ತಬೇಕೆನ್ನುವ ತಾಣಗಳಲ್ಲಿ ಯಾವ ಹಳದಿ ಚೀಟಿಯೂ ನಿಮ್ಮ ನೆರವಿಗೆ ಬರುವುದಿಲ್ಲ.


ಉತ್ತರ
ಬರೆದವರು: ಬೆಂಕಿ_ನರಿ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅವರು ಹೇಳಿದ ಅಳವಡಿಕೆಯ ಶ್ರಮವನ್ನು ಓದಿದ ಮೇಲೆ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುವುದು ನನ್ನ ಕರ್ತವ್ಯವೆನಿಸಿತು.

ಫೈರ್‌ಫಾಕ್ಸಿಗೆ ಟ್ರೈಡ್ಯಾಕ್ಟಿಲ್ ಎಂಬ ಆಡ್-ಆನ್ ಇದೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡಕ್ಕೂ ವಿಮಿಯಂ ಇದೆ. ಎಫ್ ಒತ್ತಿ ಕೊಂಡಿ ಹಿಡಿಯುವುದು, ಜೆ ಮತ್ತು ಕೆ ಒತ್ತಿ ಓದುವುದು ಇವೆರಡರಲ್ಲೂ ಅಷ್ಟೇ ಸಲೀಸು. ನಿಮಗೆ ಮುಖ್ಯವಾಗಬೇಕಾದ ಸಂಗತಿ ಮತ್ತೊಂದಿದೆ. ಯಾವ ಭಾಷೆಯ ವಿನ್ಯಾಸ ಚಾಲ್ತಿಯಲ್ಲಿದ್ದರೂ ಅದನ್ನು ಕಡೆಗಣಿಸಿ, ಬೆರಳು ಬಿದ್ದ ಕೀಲಿಯನ್ನು ಇಂಗ್ಲಿಷ್ ಕ್ವರ್ಟಿ ಕೀಲಿಯೆಂದೇ ಓದುವ ಆಯ್ಕೆ ಎರಡರಲ್ಲೂ ಇದೆ. ವಿಮಿಯಂನ ಸೆಟ್ಟಿಂಗ್ ಪುಟದಲ್ಲಿ ಇಗ್ನೋರ್ ಕೀಬೋರ್ಡ್ ಲೇಔಟ್ ಎಂಬ ಚೌಕಕ್ಕೆ ಗುರುತು ಹಾಕಬೇಕು. ಟ್ರೈಡ್ಯಾಕ್ಟಿಲ್‌ನಲ್ಲಿ ಕೀಬೋರ್ಡ್‌ಲೇಔಟ್‌ಫೋರ್ಸ್ ಎಂಬುದನ್ನು ಟ್ರೂ ಎಂದು ಇಡಬೇಕು. ಹೀಗೆ ಮಾಡಿದರೆ ಕನ್ನಡ ಕಗಪ ಚಾಲ್ತಿಯಲ್ಲಿದ್ದಾಗಲೂ ಜೆ ಕೀಲಿ ಪುಟವನ್ನು ಇಳಿಸುತ್ತದೆ. ಕ್ಯೂಟ್‌ಬ್ರೌಸರ್‌ನಲ್ಲಿ ಇಂಥ ಒಂದೇ ಗುರುತಿನ ಪರಿಹಾರ ಇಲ್ಲ.

ಆಡ್-ಆನ್‌ಗಳ ದೌರ್ಬಲ್ಯವನ್ನೂ ಹೇಳಿಬಿಡುತ್ತೇನೆ. ಅವು ಬ್ರೌಸರ್ ಅನುಮತಿಸಿದ ಪುಟಗಳಲ್ಲಿ ಮಾತ್ರ ಓಡುತ್ತವೆ. ಫೈರ್‌ಫಾಕ್ಸಿನ ಸೆಟ್ಟಿಂಗ್ ಪುಟದಲ್ಲಿ, ಮೊಜಿಲ್ಲಾದವರ ಆಡ್-ಆನ್ ತಾಣದಲ್ಲಿ ಅವು ಸತ್ತಂತೆ. ಪುಟ ಪೂರ್ತಿ ತೆರೆದುಕೊಳ್ಳುವ ಮುನ್ನ ಒತ್ತಿದ ಕೀಲಿಯೂ ಕೆಲವೊಮ್ಮೆ ವ್ಯರ್ಥವಾಗುತ್ತದೆ. ಬ್ರೌಸರಿನ ಮಾಲೀಕರು ನಿಯಮ ಬದಲಿಸಿದರೆ ಆಡ್-ಆನ್ ಬರೆದವರು ಏನೂ ಮಾಡುವಂತಿಲ್ಲ. ವಿಂಪರೇಟರ್ ಎಂಬ ಬಹು ಜನಪ್ರಿಯ ಆಡ್-ಆನ್ 2017ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 57ರೊಂದಿಗೆ ನಿಂತುಹೋಯಿತು, ಏಕೆಂದರೆ ಅದು ನಿಂತಿದ್ದ ಹಳೆಯ ಆಡ್-ಆನ್ ಪದ್ಧತಿಯನ್ನೇ ಆ ಆವೃತ್ತಿ ಕೈಬಿಟ್ಟಿತು. ಇಷ್ಟಿದ್ದರೂ, ಭದ್ರತಾ ನವೀಕರಣವನ್ನು ಡೆಬಿಯನ್‌ನವರೇ ನೋಡಿಕೊಳ್ಳುವ ಬ್ರೌಸರನ್ನು ಬಿಟ್ಟು, ನಾನೇ ನೆನಪಿಟ್ಟು ನವೀಕರಿಸಬೇಕಾದ ಬ್ರೌಸರಿಗೆ ಹೋಗಲು ನನಗಂತೂ ಮನಸ್ಸಿಲ್ಲ. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಫೈರ್‌ಫಾಕ್ಸಿನಲ್ಲಿ ಇದೆ. ಕ್ಯೂಟ್‌ಬ್ರೌಸರ್‌ನಲ್ಲಿ ಅದನ್ನು ಹಾಕಲಾಗದು, ಅದರದೇ ತಡೆ ವ್ಯವಸ್ಥೆಯನ್ನು ನೆಚ್ಚಿಕೊಳ್ಳಬೇಕು.

ಆಡ್-ಆನ್ ಕೂಡ ಬೇಡವೆನ್ನುವವರು ಫೈರ್‌ಫಾಕ್ಸನ್ನು ಬರಿದಾಗಿ ಪರೀಕ್ಷಿಸಬಹುದು. ಒಂಟಿ ಉದ್ಧರಣ ಚಿಹ್ನೆ ಒತ್ತಿ ಕೊಂಡಿಯ ಪದದ ಮೊದಲ ನಾಲ್ಕಾರು ಅಕ್ಷರ ಟೈಪಿಸಿ ಎಂಟರ್ ಒತ್ತಿದರೆ ಅದು ಕೊಂಡಿಗಳಲ್ಲಿ ಮಾತ್ರ ಹುಡುಕಿ ತೆರೆಯುತ್ತದೆ. ಕನ್ನಡದ ಕೊಂಡಿಗಳಿಗೂ ಇದು ಕೆಲಸ ಮಾಡುತ್ತದೆ.


ಪ್ರಶ್ನೆ ಕೇಳಿದವರ ಮರುಮಾತು
ಬರೆದವರು: ಕರಡು_ತಿದ್ದುವವ

ಇಬ್ಬರಿಗೂ ಧನ್ಯವಾದಗಳು. ಹಳೆ_ಟರ್ಮಿನಲ್ ಅವರು ತೋರಿಸಿದ ದಾರಿಯಲ್ಲಿ ಕ್ಯೂಟ್‌ಬ್ರೌಸರನ್ನು ಅಳವಡಿಸಿದೆ; ಅವರು ಎಚ್ಚರಿಸಿದ್ದ ಎಕ್ಸ್‌ಸಿಬಿ ದೂರು ನನಗೂ ಬಂತು, ಹೇಳಿದ ಪ್ಯಾಕೇಜಿನಿಂದ ಸರಿಹೋಯಿತು. ಟ್ರೈಡ್ಯಾಕ್ಟಿಲನ್ನೂ ನೋಡಿದೆ. ವಿನ್ಯಾಸವನ್ನು ಕಡೆಗಣಿಸುವ ಅದರ ಆಯ್ಕೆ ನಿಜಕ್ಕೂ ಅನುಕೂಲಕರವಾಗಿದೆ. ಆದರೆ ಕಿಟಕಿಯ ಮೇಲಂಚಿನ ಪಟ್ಟಿಗಳೆಲ್ಲ ಹೋಗಿ ತೆರೆಯ ಪೂರ್ತಿ ಎತ್ತರ ಸ್ಕ್ಯಾನ್ ಚಿತ್ರಕ್ಕೂ ಪಠ್ಯಕ್ಕೂ ದೊರೆಯುವುದು ಕ್ಯೂಟ್‌ಬ್ರೌಸರ್‌ನಲ್ಲಿ ನನಗೆ ಬಹಳ ಹಿಡಿಸಿದೆ, ಆದ್ದರಿಂದ ಅದರಲ್ಲಿಯೇ ಮುಂದುವರಿಯಬೇಕೆಂದಿದ್ದೇನೆ.

ಹಾಗಾದರೆ ಕನ್ನಡದ ತೊಡಕು ಉಳಿಯಿತು. ಪಠ್ಯ ತಿದ್ದಿ ಮುಗಿಸಿ ಎಸ್ಕೇಪ್ ಒತ್ತುತ್ತೇನೆ, ಆದರೆ ವಿನ್ಯಾಸ ಕನ್ನಡದಲ್ಲೇ ಇರುತ್ತದೆ. ಮತ್ತೆ ಆಲ್ಟ್ ಶಿಫ್ಟ್ ಒತ್ತುವುದು ಮರೆತು ಜೆ ಒತ್ತುತ್ತೇನೆ, ಏನೂ ಆಗುವುದಿಲ್ಲ. ಇದರ ಜೊತೆಗೆ ವಿಕಿಸೋರ್ಸ್‌ನಲ್ಲಿ ಪುಟ ಉಳಿಸಲು ಇರುವ ಆಲ್ಟ್ ಶಿಫ್ಟ್ ಎಸ್ ಎಂಬ ಕೀಲಿ ಒಮ್ಮೆ ನಡೆದರೆ ಒಮ್ಮೆ ನಡೆಯುವುದಿಲ್ಲ.


ಉತ್ತರ
ಬರೆದವರು: ಒತ್ತಕ್ಷರ

ನಿಮ್ಮ ಎರಡನೆಯ ತೊಂದರೆಯ ಕಾರಣ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ವಿಕಿಸೋರ್ಸನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ತಾಣಗಳಲ್ಲಿ ಉಳಿಸಲು ಎಸ್, ಮುನ್ನೋಟಕ್ಕೆ ಪಿ, ಬದಲಾವಣೆ ನೋಡಲು ವಿ, ಸಂಪಾದನೆಗೆ ಇ, ಹೀಗೆ ಎಲ್ಲ ಕೀಲಿಗಳಿಗೂ ಮುಂದೆ ಆಲ್ಟ್ ಶಿಫ್ಟ್ ಇರುತ್ತದೆ. ನೀವು ಭಾಷೆ ಬದಲಿಸಲು ಆರಿಸಿಕೊಂಡಿರುವುದೂ ಅದೇ ಜೋಡಿ. ಆಲ್ಟ್ ಶಿಫ್ಟ್ ಒತ್ತುತ್ತಿದ್ದಂತೆ ಭಾಷೆ ಬದಲಾಗಿ, ಆಮೇಲೆ ಬಿದ್ದ ಎಸ್ ಯಾವ ಭಾಷೆಯದೆಂಬುದು ಅದಕ್ಕೆ ಮೊದಲು ನೀವು ಯಾವ ಭಾಷೆಯಲ್ಲಿದ್ದಿರಿ ಎಂಬುದನ್ನು ಅವಲಂಬಿಸುತ್ತದೆ. ಭಾಷೆ ಬದಲಿಸುವ ಕೀಲಿಯನ್ನು ಬೇರೆ ಕಡೆಗೆ, ಉದಾಹರಣೆಗೆ ಬಲ ಆಲ್ಟ್ ಅಥವಾ ಕ್ಯಾಪ್ಸ್ ಲಾಕಿಗೆ ಸರಿಸಿ. ಉಳಿಸುವ ಕೀಲಿಯನ್ನು ಬರೆಯುವ ಮೋಡಿನಲ್ಲಿದ್ದಾಗಲೇ, ಎಂದರೆ ಬರವಣಿಗೆ ಚೌಕದೊಳಗೆ ಇದ್ದಾಗಲೇ ಒತ್ತಿ, ಎಸ್ಕೇಪನ್ನು ಅನಂತರ ಒತ್ತಿ. ಬರೆಯುವ ಮೋಡ್‌ನಲ್ಲಿ ಕ್ಯೂಟ್‌ಬ್ರೌಸರ್ ತನಗೆ ಬೇಡದ ಕೀಲಿಗಳನ್ನೆಲ್ಲ ಪುಟಕ್ಕೇ ದಾಟಿಸುತ್ತದೆ.

ಮೊದಲನೆಯದು ಇದಕ್ಕಿಂತ ಆಳದ್ದು. ಕ್ಯೂಟ್‌ಬ್ರೌಸರ್‌ಗೆ ತನ್ನದೇ ಮೋಡ್‌ಗಳಿವೆ. ಅದರ ಕೆಳಗೆ ಡೆಸ್ಕ್‌ಟಾಪಿಗೆ ಭಾಷೆಯೆಂಬ ಇನ್ನೊಂದು ಮೋಡ್ ಇದೆ. ಒಂದಕ್ಕೆ ಇನ್ನೊಂದರ ಸುಳಿವೇ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ಬರೆಯುವವರಿಗೆ ಈ ಎರಡನೆಯ ಮೋಡ್ ಇರುವುದೇ ಗೊತ್ತಾಗುವುದಿಲ್ಲ. ನಮಗೆ ಬೇಕಾಗಿರುವುದು ಎರಡನ್ನೂ ಒಂದಕ್ಕೊಂದು ಕಟ್ಟುವುದು, ಎಂದರೆ ಬರೆಯುವ ಮೋಡ್ ಬಿಟ್ಟ ಕ್ಷಣವೇ ಭಾಷೆಯೂ ತಾನಾಗಿ ಇಂಗ್ಲಿಷಿಗೆ ಮರಳುವಂತೆ ಮಾಡುವುದು.

ಅದಕ್ಕೆ ಮೊದಲು, ಡೆಸ್ಕ್‌ಟಾಪಿನ ವಿನ್ಯಾಸವನ್ನು ಬಿಟ್ಟು, ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ಇರುವ ಐಬಸ್ ಎಂಬ ತಂತ್ರಾಂಶಕ್ಕೆ ಬನ್ನಿ. ಐಬಸ್-ಎಂ17ಎನ್ ಪ್ಯಾಕೇಜನ್ನು ಅಳವಡಿಸಿದರೆ ಕನ್ನಡಕ್ಕೆ ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮುಂತಾದ ವಿಧಾನಗಳು ದೊರೆಯುತ್ತವೆ, ನಿಮ್ಮ ಬೆರಳಿನ ಅಭ್ಯಾಸ ಬದಲಾಗಬೇಕಿಲ್ಲ. ಡೆಸ್ಕ್‌ಟಾಪ್ ವಿನ್ಯಾಸ ಕೀಲಿಯ ಅರ್ಥವನ್ನೇ ಎಲ್ಲೆಡೆ ಬದಲಿಸುತ್ತದೆ. ಐಬಸ್ ಹಾಗಲ್ಲ, ಅದರ ಎಂಜಿನನ್ನು ಟರ್ಮಿನಲ್ಲಿನಿಂದ ಒಂದೇ ಸಾಲಿನ ಆದೇಶದಿಂದ ಬದಲಿಸಬಹುದು. ಐಬಸ್ ಎಂಜಿನ್ ಎಂದು ಬರೆದು, ಮುಂದೆ ಎಕ್ಸ್‌ಕೆಬಿ, ಕೋಲನ್, ಯುಎಸ್, ಎರಡು ಕೋಲನ್, ಇಎನ್‌ಜಿ ಎಂದು ಕೊಟ್ಟರೆ ಇಂಗ್ಲಿಷ್. ಎಂ17ಎನ್, ಕೋಲನ್, ಕೆಎನ್, ಕೋಲನ್, ಕೆಜಿಪಿ ಎಂದು ಕೊಟ್ಟರೆ ಕಗಪ. ಆದೇಶಕ್ಕೆ ಏನೂ ಸೇರಿಸದೆ ಓಡಿಸಿದರೆ ಈಗ ಯಾವುದು ಚಾಲ್ತಿಯಲ್ಲಿದೆ ಎಂದು ತಿಳಿಸುತ್ತದೆ, ಅಲ್ಲಿಂದಲೇ ಹೆಸರನ್ನು ನಕಲಿಸಿಕೊಳ್ಳುವುದು ಕ್ಷೇಮ.

ಇನ್ನು ಕ್ಯೂಟ್‌ಬ್ರೌಸರ್ ಕಡೆಯ ಕೆಲಸ. ಮನೆ ಫೋಲ್ಡರಿನ ಡಾಟ್-ಕಾನ್ಫಿಗ್ ಒಳಗಿನ ಕ್ಯೂಟ್‌ಬ್ರೌಸರ್ ಫೋಲ್ಡರಿನಲ್ಲಿ ಕಾನ್ಫಿಗ್ ಡಾಟ್ ಪೈ ಎಂಬ ಕಡತ ಇರಬೇಕು; ಇಲ್ಲವಾದರೆ ಕೋಲನ್ ಒತ್ತಿ ಕಾನ್ಫಿಗ್-ರೈಟ್-ಪೈ ಎಂಬ ಆದೇಶ ಕೊಟ್ಟರೆ ಅದೇ ಬರೆದುಕೊಡುತ್ತದೆ. ನೀವೇ ಖಾಲಿ ಕಡತದಿಂದ ಶುರು ಮಾಡುವುದಾದರೆ ಲೋಡ್-ಆಟೊಕಾನ್ಫಿಗ್ ಎಂಬ ಸಾಲನ್ನು ಟ್ರೂ ಅಥವಾ ಫಾಲ್ಸ್ ಎಂದು ಹೇಳಿಯೇ ಸೇರಿಸಬೇಕು, ಇಲ್ಲದಿದ್ದರೆ ಪ್ರತಿ ಸಲ ತೆರೆದಾಗಲೂ ದೋಷದ ಸಂದೇಶ ಬರುತ್ತದೆ. ಆ ಕಡತದಲ್ಲಿ ಕಾನ್ಫಿಗ್ ಡಾಟ್ ಬೈಂಡ್ ಬಳಸಿ, ಬರೆಯುವ ಮೋಡಿನ ಎಸ್ಕೇಪ್ ಕೀಲಿಗೆ ಎರಡು ಆದೇಶಗಳನ್ನು ಒಟ್ಟಿಗೆ ಕಟ್ಟಿ: ಮೊದಲು ಮೋಡ್-ಲೀವ್, ಆಮೇಲೆ ಎರಡು ಸೆಮಿಕೋಲನ್, ಆಮೇಲೆ ಸ್ಪಾನ್ ಎಂದು ಬರೆದು ಮೇಲೆ ಹೇಳಿದ ಇಂಗ್ಲಿಷ್ ಐಬಸ್ ಆದೇಶ. ಇದಿಷ್ಟರಿಂದ ಎಸ್ಕೇಪ್ ಒತ್ತಿದಾಗ ಬರವಣಿಗೆ ಚೌಕವನ್ನೂ ಬಿಡುತ್ತೀರಿ, ಕನ್ನಡವನ್ನೂ ಬಿಡುತ್ತೀರಿ. ಬರೆಯುವ ಮೋಡಿನಲ್ಲೇ ಬೇರೊಂದು ಕೀಲಿಗೆ, ನನ್ನಲ್ಲಿ ಅದು ಎಫ್2, ಕಗಪ ಆದೇಶವನ್ನು ಕಟ್ಟಿದರೆ ಕನ್ನಡಕ್ಕೆ ಬರುವ ದಾರಿಯೂ ಆಯಿತು.

ಇದೇ ಕಟ್ಟನ್ನು ಕಮಾಂಡ್ ಮೋಡಿಗೂ, ಎಂದರೆ ಕೆಳಗಿನ ಸಾಲಿನಲ್ಲಿ ಆದೇಶ ಬರೆಯುವ ಮೋಡಿಗೂ ಹಾಕಬೇಕು. ಪುಟದಲ್ಲಿ ಕನ್ನಡ ಪದ ಹುಡುಕಲು ಓರೆಗೆರೆ ಒತ್ತಿ ಕನ್ನಡಕ್ಕೆ ಬದಲಾಗಿ ಪದ ಬರೆದು ಎಂಟರ್ ಒತ್ತುತ್ತೀರಿ. ಭಾಷೆ ಕನ್ನಡದಲ್ಲೇ ಉಳಿದರೆ ಮುಂದಿನ ಸಲ ಕೋಲನ್ ಒತ್ತಿ ಆದೇಶ ಬರೆಯುವಾಗ ಕನ್ನಡ ಅಕ್ಷರಗಳೇ ಬೀಳುತ್ತವೆ. ಹಾಗಾಗಿ ಆ ಮೋಡಿನ ಎಂಟರ್‌ಗೆ ಕಮಾಂಡ್-ಆಕ್ಸೆಪ್ಟ್ ಜೊತೆಗೂ, ಎಸ್ಕೇಪ್‌ಗೆ ಮೋಡ್-ಲೀವ್ ಜೊತೆಗೂ ಇಂಗ್ಲಿಷಿಗೆ ಮರಳುವ ಆದೇಶವನ್ನು ಸೇರಿಸಿಡಿ.

ನೀವು ಅಳವಡಿಸಿಕೊಂಡಿರುವುದು ಪ್ರತ್ಯೇಕ ಪೈಥಾನ್ ಪರಿಸರದಲ್ಲಿ ಆದ್ದರಿಂದ ಇನ್ನೊಂದು ಎಚ್ಚರಿಕೆ. ಅದರೊಳಗೆ ಬಂದ ಕ್ಯೂಟಿಯಲ್ಲಿ ಐಬಸ್‌ನ ಪ್ಲಗಿನ್ ಇರುತ್ತದೆ, ಐಬಸ್‌ನಂಥದೇ ಇನ್ನೊಂದು ತಂತ್ರಾಂಶವಾದ ಎಫ್‌ಸಿಐಟಿಎಕ್ಸ್‌ನ ಪ್ಲಗಿನ್ ಇರುವುದಿಲ್ಲ. ಕ್ಯೂಟಿ-ಐಎಂ-ಮಾಡ್ಯೂಲ್ ಎಂಬ ಪರಿಸರ ಚರಾಂಕಕ್ಕೆ ಐಬಸ್ ಎಂಬ ಮೌಲ್ಯ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಉಳಿದೆಲ್ಲ ತಂತ್ರಾಂಶಗಳಲ್ಲಿ ಕನ್ನಡ ಬಂದು ಕ್ಯೂಟ್‌ಬ್ರೌಸರ್‌ನಲ್ಲಿ ಮಾತ್ರ ಬಾರದೆ ತಲೆಕೆಡಿಸುತ್ತದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರ ಬಳಸುವವರಿಗೆ ಈ ಉಪಾಯವನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಗ್ನೋಮ್ ತನ್ನ ಭಾಷೆಗಳ ಪಟ್ಟಿಯನ್ನು ತಾನೇ ನಿರ್ವಹಿಸುತ್ತದೆ. ನಿಮ್ಮ ಎಕ್ಸ್‌ಎಫ್‌ಸಿಇಗೆ ಅಡ್ಡಿಯಿಲ್ಲ.

ಕೀ-ಮ್ಯಾಪಿಂಗ್ಸ್ ಎಂಬ ಸೆಟ್ಟಿಂಗ್‌ನಲ್ಲಿ ಒಂದು ಅಕ್ಷರವನ್ನು ಇನ್ನೊಂದೆಂದು ಓದು ಎಂದು ಹೇಳುವ ಅವಕಾಶವೂ ಇದೆ, ರಷ್ಯನ್ ವಿನ್ಯಾಸ ಬಳಸುವವರು ಅದನ್ನೇ ನೆಚ್ಚುತ್ತಾರೆ. ಕನ್ನಡದಲ್ಲಿ ಸ್ವರಚಿಹ್ನೆ, ಹಲಂತಗಳೂ ಒಂದೊಂದು ಕೀಲಿಯ ಮೇಲೆ ಕುಳಿತಿರುವುದರಿಂದ ಆ ಪಟ್ಟಿ ಬರೆಯುವುದು ಕಿರಿಕಿರಿಯ ಕೆಲಸ. ಆ ದಾರಿ ಹಿಡಿಯಬೇಡಿ ಎಂಬುದು ನನ್ನ ಅಭಿಪ್ರಾಯ.


ಉತ್ತರ
ಬರೆದವರು: ಅನುವಾದಕಿ

ಕ್ಯೂಟ್‌ಬ್ರೌಸರ್‌ನಲ್ಲಿ ಕನ್ನಡದ ಕೆಲಸ ಮಾಡುವವರಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಉದ್ದನೆಯ ಪಠ್ಯವನ್ನು ಪುಟದ ಚೌಕದಲ್ಲಿಯೇ ತಿದ್ದಬೇಕಾಗಿಲ್ಲ. ಬರೆಯುವ ಮೋಡಿನಲ್ಲಿ ಕಂಟ್ರೋಲ್ ಇ ಒತ್ತಿದರೆ ಚೌಕದಲ್ಲಿರುವುದೆಲ್ಲ ಹೊರಗಿನ ಸಂಪಾದಕದಲ್ಲಿ ತೆರೆದುಕೊಳ್ಳುತ್ತದೆ, ಅಲ್ಲಿ ಉಳಿಸಿ ಮುಚ್ಚಿದರೆ ಪಠ್ಯ ಮರಳಿ ಚೌಕಕ್ಕೆ ಬರುತ್ತದೆ. ಮೊದಲಿಗೆ ಇದಕ್ಕೆ ನಿಗದಿಯಾಗಿರುವುದು ವಿಮ್‌ನ ಕಿಟಕಿ ರೂಪವಾದ ಜಿವಿಮ್. ವಿಮ್ ನಿಮ್ಮ ಕೈಗೆ ಪಳಗಿದ್ದರೂ ಕನ್ನಡಕ್ಕೆ ಅದನ್ನು ಬಳಸಬೇಡಿ. ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆಯನ್ನು ಮೀಸಲಿಡುವ ಟರ್ಮಿನಲ್, ಜಿವಿಮ್‌ಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ, ಕರಡು ತಿದ್ದುವವರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ಇಲ್ಲ. ಎಡಿಟರ್ ಡಾಟ್ ಕಮಾಂಡ್ ಎಂಬ ಸೆಟ್ಟಿಂಗ್‌ನಲ್ಲಿ ಕೇಟ್ ಸಂಪಾದಕವನ್ನು ಅದರ ಬ್ಲಾಕ್ ಆಯ್ಕೆಯ ಸಮೇತ ಕೊಡಿ. ಆ ಆಯ್ಕೆ ಅಗತ್ಯ, ಏಕೆಂದರೆ ಕೇಟ್ ಮೊದಲೇ ತೆರೆದಿದ್ದರೆ ಹೊಸ ಆದೇಶ ಕಡತವನ್ನು ಅದಕ್ಕೆ ಒಪ್ಪಿಸಿ ಕೂಡಲೇ ಮುಗಿದುಬಿಡುತ್ತದೆ. ಕೆಲಸ ಮುಗಿಯಿತೆಂದು ಭಾವಿಸಿ ಕ್ಯೂಟ್‌ಬ್ರೌಸರ್ ತಿದ್ದದ ಪಠ್ಯವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ವಿಳಾಸ ನಕಲಿಸುವಾಗ ವೈ ಎರಡು ಸಲ ಒತ್ತುವ ಬದಲು ವೈ ಮತ್ತು ಪಿ ಒತ್ತಿ. ಮೊದಲನೆಯದು ಕನ್ನಡ ವಿಳಾಸವನ್ನು ಶೇಕಡಾ ಚಿಹ್ನೆಗಳ ಸಂಕೇತವಾಗಿ ಕೊಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಅದು ವಿಳಾಸದಲ್ಲಿ ಒಂಬತ್ತು ಅಕ್ಷರವಾಗುತ್ತದೆ. ಕರ್ನಾಟಕ ಎಂಬ ಪುಟ್ಟ ಹೆಸರಿಗೆ ಏಳು ಸಂಕೇತ, ಎಂದರೆ 63 ಅಕ್ಷರ. ವೈ ಮತ್ತು ಪಿ ಅದನ್ನೇ ಓದುವಂತೆ ಕನ್ನಡ ಲಿಪಿಯಲ್ಲಿ ಕೊಡುತ್ತದೆ. ಸಹ ಸಂಪಾದಕರಿಗೆ ಸಂದೇಶ ಕಳುಹಿಸುವಾಗ ಇದರ ಬೆಲೆ ತಿಳಿಯುತ್ತದೆ.

ಎರಡು ಸಲ ಬಲ ಚೌಕಾವರಣ ಒತ್ತಿದರೆ ಮುಂದಿನ ಪುಟಕ್ಕೆ ಹೋಗುವ ಸೌಲಭ್ಯವಿದೆ. ಪುಟ ತಾನೇ ಮುಂದಿನದನ್ನು ಸೂಚಿಸದಿದ್ದರೆ ಕ್ಯೂಟ್‌ಬ್ರೌಸರ್ ನೆಕ್ಸ್ಟ್, ಮೋರ್ ಮುಂತಾದ ಇಂಗ್ಲಿಷ್ ಪದಗಳಿರುವ ಕೊಂಡಿಯನ್ನು ಹುಡುಕುತ್ತದೆ. ಮುಂದಿನ ಪುಟ ಎಂದು ಕನ್ನಡದಲ್ಲಿ ಬರೆದ ಕೊಂಡಿ ಅದಕ್ಕೆ ಕಾಣುವುದಿಲ್ಲ. ಹಿಂಟ್ಸ್ ಡಾಟ್ ನೆಕ್ಸ್ಟ್-ರೆಜೆಕ್ಸಸ್ ಪಟ್ಟಿಗೆ ಮುಂದಿನ ಎಂಬುದನ್ನೂ, ಪ್ರೀವ್-ರೆಜೆಕ್ಸಸ್ ಪಟ್ಟಿಗೆ ಹಿಂದಿನ ಎಂಬುದನ್ನೂ ಸೇರಿಸಿ. ಇಂಗ್ಲಿಷ್ ಪದಗಳ ಸುತ್ತ ಇರುವ ಪದಗಡಿಯ ಗುರುತನ್ನು ಕನ್ನಡಕ್ಕೆ ನಕಲಿಸಬೇಡಿ. ಪೈಥಾನ್ ನಮ್ಮ ಸ್ವರಚಿಹ್ನೆಗಳನ್ನು ಪದದ ಭಾಗವೆಂದು ಎಣಿಸುವುದಿಲ್ಲವಾದ್ದರಿಂದ ಹಿಂದೆ, ಮುಂದೆ ಎಂಬಂಥ ಪದಗಳಲ್ಲಿ ಅದು ಕೈಕೊಡುತ್ತದೆ.

ಟ್ಯಾಬಿನ ಶೀರ್ಷಿಕೆಯಲ್ಲಿ ಒತ್ತಕ್ಷರದ ಬುಡ ಕತ್ತರಿಸಿದಂತೆ ಕಂಡರೆ ಟ್ಯಾಬ್ಸ್ ಡಾಟ್ ಪ್ಯಾಡಿಂಗ್‌ನಲ್ಲಿ ಕೆಳಗಿನ ಅಂತರ ಸೊನ್ನೆ ಇರುತ್ತದೆ, ಅದನ್ನು ನಾಲ್ಕಕ್ಕೆ ಏರಿಸಿ. ಕನ್ನಡದ ಉದ್ದ ಶೀರ್ಷಿಕೆಗಳಿಗೆ ಟ್ಯಾಬುಗಳನ್ನು ಎಡಬದಿಯಲ್ಲಿ ನಿಲ್ಲಿಸುವುದು ಇನ್ನೂ ಚೆನ್ನ. ಆದರೆ ಸ್ಕ್ಯಾನ್ ಚಿತ್ರ, ಪಠ್ಯ ಎರಡೂ ಅಕ್ಕಪಕ್ಕ ಬೇಕಾದ ನಿಮಗೆ ಅಗಲ ಸಾಲದೆ ಹೋಗಬಹುದು. ಹಾಗಾದರೆ ಟ್ಯಾಬ್ಸ್ ಡಾಟ್ ಶೋ ಎಂಬುದನ್ನು ಸ್ವಿಚಿಂಗ್ ಎಂದು ಇಡಿ, ಟ್ಯಾಬ್ ಬದಲಿಸುವ ಹೊತ್ತಿನಲ್ಲಿ ಮಾತ್ರ ಪಟ್ಟಿ ಕಾಣಿಸಿಕೊಂಡು ಮರೆಯಾಗುತ್ತದೆ.


ಪ್ರಶ್ನೆ ಕೇಳಿದವರ ಮರುಮಾತು
ಬರೆದವರು: ಕರಡು_ತಿದ್ದುವವ

ಐಬಸ್‌ಗೆ ಬದಲಾಯಿಸಿ ಎಸ್ಕೇಪಿಗೆ ಎರಡೂ ಆದೇಶ ಕಟ್ಟಿದ್ದೇನೆ, ನಿರೀಕ್ಷಿಸಿದಂತೆಯೇ ನಡೆಯುತ್ತಿದೆ. ಭಾಷೆ ಬದಲಿಸುವ ಕೀಲಿಯನ್ನು ಕ್ಯಾಪ್ಸ್ ಲಾಕಿಗೆ ಸರಿಸಿದ ಮೇಲೆ ಆಲ್ಟ್ ಶಿಫ್ಟ್ ಎಸ್ ಕೂಡ ಪ್ರತಿ ಸಲವೂ ಪುಟವನ್ನು ಉಳಿಸುತ್ತಿದೆ. ಒಂದು ಸಂದೇಹ ಉಳಿದಿದೆ: ಸ್ಕ್ಯಾನ್ ಚಿತ್ರವನ್ನು ಹಿಗ್ಗಿಸಿ ಅತ್ತಿತ್ತ ಸರಿಸಲು ಈಗಲೂ ಮೌಸ್ ಹಿಡಿಯಬೇಕಾಗಿದೆ. ಅದಕ್ಕೇನಾದರೂ ದಾರಿ ಇದೆಯೇ?


ಉತ್ತರ
ಬರೆದವರು: ಹಳೆ_ಟರ್ಮಿನಲ್

ಪುಟದೊಳಗೆ ಚಿತ್ರವನ್ನು ಎಳೆದಾಡುವ ಆ ಚೌಕಟ್ಟು ತಾಣದ ಜಾವಾಸ್ಕ್ರಿಪ್ಟಿನದು. ಕ್ಯೂಟ್‌ಬ್ರೌಸರ್‌ನ ಹಿಗ್ಗಿಸುವ ಕೀಲಿಗಳು ಇಡೀ ಪುಟವನ್ನು ಹಿಗ್ಗಿಸುತ್ತವೆಯೇ ಹೊರತು ಆ ಚೌಕಟ್ಟಿನ ಒಳಗನ್ನು ಮಾತ್ರ ಹಿಗ್ಗಿಸಲಾರವು. ನಾನಾದರೆ ಚಿತ್ರವನ್ನು ಬೇರೆ ಟ್ಯಾಬಿನಲ್ಲಿ ತೆರೆಯುತ್ತೇನೆ. ಸೆಮಿಕೋಲನ್ ಮತ್ತು ಶಿಫ್ಟ್ ಸಮೇತ ಐ ಒತ್ತಿದರೆ ಚಿತ್ರಗಳ ಮೇಲೆ ಮಾತ್ರ ಚೀಟಿ ಮೂಡುತ್ತದೆ, ಆರಿಸಿದ ಚಿತ್ರ ಹೊಸ ಟ್ಯಾಬಿನಲ್ಲಿ ಬರುತ್ತದೆ. ಅಲ್ಲಿ ಅಧಿಕ ಚಿಹ್ನೆಯಿಂದ ಹಿಗ್ಗಿಸಿ, ಎಚ್, ಜೆ, ಕೆ, ಎಲ್‌ಗಳಿಂದ ನಾಲ್ಕೂ ದಿಕ್ಕಿಗೆ ಸರಿಸಬಹುದು. ಜಿ ಮತ್ತು ಶಿಫ್ಟ್ ಸಮೇತ ಡಿ ಒತ್ತಿದರೆ ಆ ಟ್ಯಾಬನ್ನು ಬೇರೆ ಕಿಟಕಿಗೆ ಕೊಡುತ್ತದೆ, ಎಕ್ಸ್‌ಎಫ್‌ಸಿಇಯ ಕಿಟಕಿ ಕೀಲಿಗಳಿಂದ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ನಿಲ್ಲಿಸಿಕೊಂಡರೆ ಚಿತ್ರ ಒಂದು ಕಡೆ, ಪಠ್ಯ ಒಂದು ಕಡೆ. ಪುಟದಲ್ಲಿ ಇರುವುದು ಚಿಕ್ಕ ಗಾತ್ರದ ಚಿತ್ರವಾಗಿದ್ದರೆ ಹಿಗ್ಗಿಸಿದಾಗ ಅಕ್ಷರ ಮಸುಕಾಗುತ್ತದೆ. ಆಗ ಸ್ಕ್ಯಾನ್ ಕಡತದ ಪುಟಕ್ಕೇ ಹೋಗಿ ದೊಡ್ಡ ಗಾತ್ರದ್ದನ್ನು ತೆರೆಯುವುದು ಒಳ್ಳೆಯದು.